ಚಾದರದ ಮೂಲ್ಯಾಗಿನ ಗುಬ್ಬಿ

ಪ್ರಸಾದನ ಹೊಟ್ಟಿಕಿಚ್ಚಿಗಿ ಒಂದ ಹೆಸರಿತ್ತು, ಯೋಗಿರಾಜ ಅಂತ. ಮಂದಿಗಿ ಹೊಟ್ಟಿಕಿಚ್ಚು ಬರೂದು ಬೀಗರ ಹೊಸಾ ಗಾಡಿ ನೋಡಿ, ಬಾಜೂ ಮನಿಯವರು ಏರಿಸಿದ ಮೂರನೇ ಮಜಲಿ ನೋಡಿ. ಇಂವಗ ಹಂಗಲ್ಲ. ತಮ್ಮ ಅಂಗಡ್ಯಾಗ, ತಮ್ಮಪ್ಪನ ಕೈಯಿಂದ ಪಗಾರ ತಗೊಂಡು ದುಡಿಯೂ ಮನಷ್ಯಾನ ಮ್ಯಾಲ ಹೊಟ್ಟಿಕಿಚ್ಚು. ಮಾಲಕನ ಮಗ ಆಗಿ ನೌಕರನ್ನ ನೋಡಿ ಉರಕೋಳೂದು ಎಂಥಾ ನಾಚಿಕಿಗೇಡಿನ ಮಾತು ಅಂತ ಅವಗೂ ತಿಳೀತಿತ್ತು. ತಿಳದ್ರ ಏನ ಬಂತ್ರಿ, ಉರಿಯೂದು ಉರೀತಿತ್ತು.

ಅಪ್ಪ ನಾಗಣ್ಣಂದು ಸೊಲ್ಲಾಪುರದ ನವಿ ಪೇಠದಾಗ ಚಾದರದ ಅಂಗಡಿ. ಕೆಳಗ ಅಂಗಡಿ, ಮ್ಯಾಲ ಡಿಸೈನ್ ಖೋಲಿ, ಲೂಮ್ ಎಲ್ಲಾ ಊರ ಹೊರಗಿನ ಶೆಡ್ಡಿನ್ಯಾಗ. ಡಿಸೈನ್ ಖೋಲ್ಯಾಗ ಒಂದು ಹಳೇ ಕಂಪ್ಯೂಟರು, ಅದರ ಬಾಜೂಕ ಒಂದು ತೂತು ಹೊಡಿಯೂ ಮಶೀನು. ಕಂಪ್ಯೂಟರಿನ್ಯಾಗ ಚಿತ್ರ ತಗದು ಹುಕುಂ ಕೊಟ್ಟ್ರ ಮಶೀನು ರಟ್ಟಿನ ಕಾರ್ಡಿಗಿ ಟಕಾಟಕ ತೂತು ಹೊಡೀತದ. ಆ ತೂತಿನ ಮ್ಯಾಲಿಂದ ಲೂಮಿಗಿ ಯಾವ ನೂಲು ಎತ್ತಬೇಕು, ಯಾವದು ಬಿಡಬೇಕು ಅನ್ನೂದು ತಿಳೀತದ, ಚಾದರದ ಮ್ಯಾಲ ಹೂವು ನವಿಲು ಏಳತಾವ. ಕಂಪ್ಯೂಟರು ವಿಂಡೋಸ್ ತೊಂಬತ್ತೆಂಟರ ಕಾಲದ್ದು. ಅದನ್ನ ಒಗದು ಹೊಸಾದು ತರಾಕ ಬರತಿರಲಿಲ್ಲ, ಯಾಕಂದ್ರ ತೂತಿನ ಮಶೀನಿನ ವಾಯರು ಅದೊಂದನ್ನ ಬಿಟ್ಟು ಬ್ಯಾರೆ ಯಾವದಕ್ಕೂ ಕೂಡತಿರಲಿಲ್ಲ. ಮಶೀನು ಮಾಡಿದ ಕಂಪನಿ ಮುಚ್ಚಿ ಯಾವ ಕಾಲ ಆಗಿತ್ತೋ ಏನೋ.

ಆ ಖೋಲಿಗಿ ಯಜಮಾನ ಅಂದ್ರ ಯೋಗಿರಾಜ. ಮೈಂದರ್ಗಿಯಾಂವ. ಅಕ್ಕಲಕೋಟದಾಗ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ, ಬ್ಯಾರೆ ಕಡಿ ಜರಾ ದಿನ ಕೆಲಸ ಕಲತು, ನಾಗಣ್ಣನ ಕಡಿ ಕೆಲಸಕ್ಕ ಸೇರಿದಾಗ ಪ್ರಸಾದ ಇನ್ನೂ ಚಡ್ಡಿ ಹಾಕ್ಕೊಂಡು ಸಾಲಿಗಿ ಹೋಗತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೇದಾಗ ಬಾಚಣಿಕಿ, ಕಿವಿ ಹಿಂದ ಅತ್ತರ. ಶೆಡ್ಡಿಗಿ ಹೋಗಿ ಬಂದವರೆಲ್ಲಾ ಮೈತುಂಬ ಹತ್ತಿ ಮೆತ್ತಿಕೊಂಡು ಬಂದ್ರ, ಈ ಮನಷ್ಯಾ ಮಾತ್ರ ಯಾರದೋ ಲಗ್ನಕ್ಕ ಹೊಂಟಾಂವನಂಗ ಇರತಿದ್ದ. ತನ್ನ ಕೆಲಸದ ಮ್ಯಾಲ ಸಣ್ಣ ಸೊಕ್ಕೂ ಇತ್ತು ಅನ್ರಿ. ಇರಲಿ ಬಿಡ್ರಿ, ಸೊಕ್ಕು ಮಾಡೂವಂಥಾ ಕೆಲಸ ಇತ್ತು.

ಆ ಕಂಪ್ಯೂಟರಿಗಿ ಮೆಮರಿ ಅಂದ್ರ ಚಮಚಾದಷ್ಟು. ಈಗಿನ ಹುಡುಗರ ಕೈಯಾಗಿನ ಫೋನಿನ ಮುಂದ ಅದು ಯಾವ ಲೆಕ್ಕಕ್ಕೂ ಇಲ್ಲ. ಜರಾ ದೊಡ್ಡ ಚಿತ್ರ ತಗದ್ರ ಸಾಕು, ಮೆಮರಿ ಸಾಲದು ಅಂತ ಪಡದೇದ ಮ್ಯಾಲ ಬರದು ಕೈಕಾಲು ಚಾಚಿ ಮಲಗಿಬಿಡತಿತ್ತು. ಅದಕ್ಕ ಯೋಗಿರಾಜ ಒಂದು ಪದ್ಧತಿ ಮಾಡಿದ್ದ. ಚಿತ್ರದ ಕಾಲು ಭಾಗ ಅಷ್ಟ ತಗೀಬೇಕು. ಪಡದೇದ ಮ್ಯಾಲಿನ ಬಣ್ಣ, ಆವಾಜು, ಮೂಲ್ಯಾಗಿನ ಗಡಿಯಾರ ಎಲ್ಲಾ ಬಂದ್ ಮಾಡಬೇಕು. ಕಾಲು ಭಾಗದ ಕಾರ್ಡು ಹೊಡದಾದ ಮ್ಯಾಲ ಕಂಪ್ಯೂಟರ್ ಆರಿಸಿ, ಮತ್ತ ಹಚ್ಚಿ, ಮುಂದಿನ ಕಾಲು ಭಾಗ ತಗೀಬೇಕು. ಕಡೀಕ ನಾಕೂ ಭಾಗದ ಕಾರ್ಡು ಸೇರಿಸಿ ದಾರದಿಂದ ಹೊಲದು ಲೂಮಿಗಿ ಏರಿಸಿದ್ರ, ಎಲ್ಲಿ ಜೋಡಿಸ್ಯಾನ ಅನ್ನೂದು ಹುಟ್ಟಿಸಿದ ದೇವರಿಗೂ ತಿಳೀತಿರಲಿಲ್ಲ.

ನಾಗಣ್ಣಗ ಇದು ದೊಡ್ಡ ಅಭಿಮಾನದ ಮಾತು. ಇರೂದ್ರಾಗ ಮಾಡೂದು ಯೋಗಿ ಕಡಿಂದ ಕಲಿ ಅಂತ ಮಗಗ ದಿನಾ ಹೇಳತಿದ್ದ. ಅಂಗಿ ಹಾಕ್ಕೋಳೂದು ಯೋಗಿ ಕಡಿಂದ ಕಲಿ, ಗಿರಾಕಿ ಕೂಡ ಮಾತಾಡೂದು ಯೋಗಿ ಕಡಿಂದ ಕಲಿ. ಯೋಗಿಗಿ ಮಾತಾಡೂವಾಗ ನಾಗಣ್ಣನ ದನಿ ಹಾಲಿನ್ಯಾಗ ಅದ್ದಿ ತಗದಂಗ ಇರತಿತ್ತು, ಮಗನ ಕಡಿ ತಿರುಗಿದ್ರ ಸಾಕು ಹುಚ್ಚಪ್ಯಾಲಿ, ಹಂದರದ ಕಂಬ ಅಂತ ಬೈಗಳದ ಮಳಿ. ಪ್ರಸಾದನ ಹೇಣ್ತಿ ಸಾರಿಕಾ ಸುದ್ದಾ ಒಂದಿನ, ಯೋಗಿರಾಜಣ್ಣ ಊಟ ಮಾಡಿದ್ರ ತಾಟಿನ ಸುತ್ತ ಒಂದ ಅಗಳ ಬೀಳಂಗಿಲ್ಲ ನೋಡ್ರಿ ಅಂದಿದ್ಲು. ಪ್ರಸಾದ ಅವತ್ತು ಅರ್ಧಾ ಊಟಕ್ಕ ಎದ್ದು ಹೋಗಿದ್ದ.

ಇಷ್ಟೆಲ್ಲಾಕ್ಕಿಂತ ಅವನ ಎದ್ಯಾಗ ಮುಳ್ಳಾಗಿ ಚುಚ್ಚಿದ್ದು ಗುಬ್ಬಿ. ಆ ಮನಿಯಾಗ ಒಂದು ರೂಢಿ ಇತ್ತು. ಚಾದರದ ಚಿತ್ರ ಯಾರು ತಗೀತಾರೋ ಅವರ ಗುರುತು ಕೆಳಗಿನ ಮೂಲ್ಯಾಗ ಹೆಬ್ಬೆರಳಿನಷ್ಟು ಜಾಗಾದಾಗ ನೇಯಿಸೂದು. ನಾಗಣ್ಣ ತಾ ವಯಸ್ಸಿನ್ಯಾಗ ಇದ್ದಾಗ ಕೈಯಿಂದ ಚಿತ್ರ ತಗೀತಿದ್ದ, ಅವನ ಗುರುತು ಒಂದು ಪಣತಿ. ಯೋಗಿರಾಜಂದು ಒಂದು ಗುಬ್ಬಿ. ಸೊಲ್ಲಾಪುರ ಜಿಲ್ಲಾದಾಗ ಎಷ್ಟು ಮನಿಯಾಗ ಮಂದಿ ಆ ಗುಬ್ಬಿ ಹೊಚ್ಚಿಕೊಂಡು ಮಲಗತಿದ್ರೋ ಲೆಕ್ಕಿಲ್ಲ. ಪ್ರಸಾದನ ಗುರುತು ಅಂತ ಏನೂ ಇರಲಿಲ್ಲ. ಬಿ.ಕಾಂ. ಮುಗಿಸಿ, ಲ್ಯಾಪ್‌ಟಾಪ್ ತಗೊಂಡು, ವಿಡಿಯೋ ನೋಡಿ ನೋಡಿ ಚಿತ್ರ ತಗಿಯೂದು ಕಲತಿದ್ದ, ಕೈನೂ ಚಲೋ ಇತ್ತು. ಒಂದು ಗಾಳಿಪಟ ತನ್ನ ಗುರುತು ಅಂತ ಮನಸಿನ್ಯಾಗ ಎಂದೋ ಠರಾವು ಮಾಡಿ ಇಟ್ಟಿದ್ದ. ಅದನ್ನ ಮೂಲ್ಯಾಗ ಕೂಡಸಾಕ ಅಪ್ಪ ಒಂದ ಚಾದರ ಕೊಟ್ಟಿದ್ದಿಲ್ಲ.

ಹಿಂಗಿದ್ದಾಗ ಅಕ್ಕಲಕೋಟದ ಗುರುಲಿಂಗಮ್ಮ ಬಂದ್ಲು. ಬಸ್ ಸ್ಟ್ಯಾಂಡಿನ ಹಿಂದ ಆಕಿದೊಂದು ಮಂಗಲ ಕಾರ್ಯಾಲಯ. ಲಗ್ನದಾಗ ಮದುಮಕ್ಕಳು ಕೂಡೂ ಜಾಗಾದ ಹಿಂದ ಗ್ವಾಡಿ ತುಂಬ ಒಂದು ಚಾದರ ತೂಗು ಹಾಕಬೇಕು, ಅದರಾಗ ಒಂದು ಆಲದ ಮರ ಇರಬೇಕು ಅಂತ ಆಕಿ ಬೇಡಿಕಿ. ಅಷ್ಟ ಅಂದು ಬಿಟ್ಟಿದ್ರ ಯೋಗಿರಾಜಗ ಎಡಗೈ ಕೆಲಸ. ಗುರುಲಿಂಗಮ್ಮ ಬಿಡೂ ಪೈಕಿ ಅಲ್ಲ. ನಿಮ್ಮ ಚಾದರದಾಗ ಎಡಗಡಿ ಇದ್ದದ್ದು ಬಲಗಡಿ ಕನ್ನಡ್ಯಾಗ ನೋಡಿದಂಗ ಮತ್ತ ಬರತದ, ನನಗ ಅಂಥಾದ್ದು ಬ್ಯಾಡ, ಖರೇ ಮರದಂಗ ಒಂದೊಂದು ಟೊಂಗಿ ಒಂದೊಂದು ನಮೂನಿ ಇರಬೇಕು ಅಂದ್ಲು. ದಸರಾ ದಿನ ಬಂದು ನೋಡತೀನಿ, ಮೊದಲನೇ ಕಾರ್ಡು ನನ್ನ ಕಣ್ಣಮುಂದ ಹೊಡೀಬೇಕು ಅಂತನೂ ಹೇಳಿ ಹೋದ್ಲು.

ನಾಗಣ್ಣ ಅವತ್ತು ಯಾವ ಗುಂಗಿನ್ಯಾಗ ಇದ್ದನೋ, ಇಬ್ಬರೂ ಚಿತ್ರ ತಗೀರಿ ಅಂದ. ಮಶೀನು ಯಾವದನ್ನ ಒಪ್ಪತದೋ ಅದು ಅಕ್ಕಲಕೋಟಕ್ಕ ಹೋಗಲಿ, ಅದನ್ನ ತಗದವನ ಗುರುತು ಮೂಲ್ಯಾಗ ಕೂಡಲಿ.

ಪ್ರಸಾದಗ ಆ ದಿನದಿಂದ ನೆಲಕ್ಕ ಕಾಲ ಹತ್ತಲಿಲ್ಲ. ಮುಂಜಾನಿ ಗಾಡಿ ತಗೊಂಡು ಅಕ್ಕಲಕೋಟ ರೋಡಿಗಿ ಹೋಗಿ ಆಲದ ಮರದ ಕೆಳಗ ಕುಂತು ಬರತಿದ್ದ. ಎಲಿ ಎಲಿ ನೋಡಿ ತಗದ. ಅವನ ಮರ ಪಡದೇದ ಮ್ಯಾಲ ಎದ್ದು ನಿಂತಾಗ ಅವ್ವ ಲೀಲಾಬಾಯಿ ಚಾ ಕೊಡಾಕ ಬಂದಾಕಿ ಬಸಿ ಹಿಡಕೊಂಡ ನಿಂತುಬಿಟ್ಲು. ಗಾಳಿ ಬೀಸಿದಂಗ ಆಗತದಲ್ಲೋ ಅಂದ್ಲು.

ಆ ಮರ ತಗೊಂಡು ಹೋಗಿ ಹಳೇ ಕಂಪ್ಯೂಟರಿನ್ಯಾಗ ಹಾಕಿದ್ರ, ಅದು ತನ್ನ ಹಳೇ ರಾಗ ತಗೀತು. ಮೆಮರಿ ಸಾಲದು. ಯೋಗಿರಾಜ ಬಾಜೂಕ ನಿಂತಿದ್ದ. ಅಂವ ತಗದ ಮರ ನಾಕ ತುಂಡಾಗಿ ತಯಾರಿತ್ತು, ಮಶೀನು ಅದನ್ನ ಒಪ್ಪಿಯೂ ಆಗಿತ್ತು. ಚಲೋ ಮರ, ಖರೇ. ಆದ್ರ ಎಡಗಡಿದು ಬಲಗಡಿ ಕದ್ದು ಕುಂತದ್ದು ನೋಡೂವರಿಗೆ ಕಾಣತಿತ್ತು. ಯೋಗಿರಾಜ ಬಾಚಣಿಕಿ ತಗದು ಕೂದಲಾ ಸರಿ ಮಾಡಕೋತ, ಕೊಡ್ರಿ ಸಣ್ಣ ಸಾವಕಾರ್ರ, ನಾಕ ತುಂಡು ಮಾಡಿಕೊಡತೀನಿ, ಜೋಡಿಸೂ ಜಾಗಾದಾಗ ಜರಾ ಎಲಿ ಬದಲಿ ಮಾಡಬೇಕಾಗತದ ಅಂದ. ಪ್ರಸಾದಗ ಅದು ತನ್ನ ಕೂಸಿನ ಮ್ಯಾಲ ಯಾರೋ ಕತ್ತರಿ ಹಿಡದಂಗ ಕೇಳಿತು. ಬ್ಯಾಡ ಅಂತ ಅಂದವನ ಹೊರಗ ಬಂದ.

ಆಗ ಹೊಳೀತು ನೋಡ್ರಿ ಅವಗ. ಸಾಲದು ಅಂತದಲ್ಲ, ಸಾಲೂವಷ್ಟು ಕೊಟ್ಟ್ರಾತು! ಇಷ್ಟು ವರ್ಷ ಯೋಗಿರಾಜ ಚಮಚಾದಿಂದ ಉಣಿಸಿ ಹೆಸರು ಮಾಡಿದ್ರ, ತಾ ಬುಟ್ಟಿಲೆ ಸುರದು ತೋರಸಬೇಕು. ಯಾರನ್ನರ ಕೇಳಬೇಕಿತ್ತು ಅಂದ್ರ ಯೋಗಿರಾಜನ್ನ ಕೇಳಬೇಕಿತ್ತು. ಅವನ್ನ ಕೇಳೂದಾ? ನಾಲಿಗಿ ಕಡದು ಒಗದೇನು, ಕೇಳಂಗಿಲ್ಲ. ಹಳೇ ಸಾಮಾನು ಮಾರೂ ಒಬ್ಬನ ಕಡಿ ಹೋಗಿ ಆ ಕಂಪ್ಯೂಟರಿಗಿ ಕೂಡೂ ಮೆಮರಿ ಪಟ್ಟಿ, ರ್‍ಯಾಮ್ ಅಂತಾರಲ್ಲ ಅದು, ಸಿಗೂದ್ರಾಗ ಎಲ್ಲಾಕ್ಕಿಂತ ದೊಡ್ಡದು ಮೂರು ಹುಡಕಿಸಿ ತಂದ. ಒಂದೊಂದು ಪಟ್ಟಿಯಾಗ ಐದುನೂರಾ ಹನ್ನೆರಡು ಎಂಬಿ. ಹಳೇ ಪಟ್ಟಿ ಏನು ಮಾಡೂದದ ಅಂತ ಅದನ್ನ ಬದಲಿಗಿ ಅವಗನ ಕೊಡತೀನಿ ಅಂತ ಮಾತು ಕೊಟ್ಟು ಬಂದ.

ಪಟ್ಟಿ ಕೂಡಿಸಿದ್ದು ಖಂಡೇನವಮಿ ದಿನ. ಅವತ್ತು ಲೂಮ್, ಮಶೀನು, ತಕ್ಕಡಿ, ಕತ್ತರಿ ಎಲ್ಲಾ ತೊಳದು ಒರಸಿ ಪೂಜಾ ಮಾಡೂ ದಿನ. ಪ್ರಸಾದ ಕಂಪ್ಯೂಟರಿನ ಧೂಳ ಝಾಡಸತೀನಿ ಅಂತ ಬಾಗಲಾ ಹಾಕ್ಕೊಂಡು, ಡಬ್ಬಿ ಬಿಚ್ಚಿ, ಹಳೇದನ್ನ ಕಿತ್ತು, ಎರಡು ಹೊಸಾ ಪಟ್ಟಿ ಕೂಡಿಸಿ, ಒಂದನ್ನ ಬೇಕಾದ್ರ ಇರಲಿ ಅಂತ ಕಿಸೇದಾಗ ಇಟ್ಟುಕೊಂಡ. ಹಚ್ಚಿ ನೋಡಬೇಕು ಅನ್ನೂದ್ರಾಗ ಲೀಲಾಬಾಯಿ ಪೂಜಾದ ತಾಟು ಹಿಡಕೊಂಡು ಮ್ಯಾಲ ಬಂದ್ಲು. ಪಡದೇಕ್ಕ ವಿಭೂತಿ ಮೂರು ಪಟ್ಟಿ ಎಳದ್ಲು, ಕುಂಕುಮ ಹಚ್ಚಿದ್ಲು, ತೂತಿನ ಮಶೀನಿಗಿ ಚೆಂಡು ಹೂವಿನ ಮಾಲಿ ಹಾಕಿ ಮ್ಯಾಲ ನಿಂಬಿಹಣ್ಣು ಇಟ್ಲು. ಪೂಜಾ ಆದ ಸಾಮಾನಿಗಿ ದಸರಾ ಮುಂಜಾನಿತನಕ ಯಾರೂ ಕೈ ಹಚ್ಚೂವಂಗಿಲ್ಲ. ಜರಾ ಒಂದ ಸಲ ಹಚ್ಚಿ ನೋಡತೀನಿ ಅಂತ ಪ್ರಸಾದ ಬೇಡಿಕೊಂಡ. ಆಕಿ ಕಣ್ಣು ತಗದು ನೋಡಿದ್ಲು, ಅಷ್ಟ. ಯೋಗಿರಾಜ ಬಂದು ಮಶೀನಿಗಿ ಕೈ ಮುಗದು, ಬಸ್ ಹಿಡದು ಮೈಂದರ್ಗಿಗಿ ಹಬ್ಬಕ್ಕ ಹೋದ.

ದಸರಾ ಮುಂಜಾನಿ ಗುರುಲಿಂಗಮ್ಮ ಹೇಳಿದಂಗ ಬಂದ್ಲು. ಕೆಳಗ ಅಂಗಡ್ಯಾಗ ನಾಗಣ್ಣನ ಕೂಡ ಬನ್ನಿ ಕೊಟ್ಟು ತಗೊಂಡು, ಚಾ ಕುಡಕೋತ ಕುಂತ್ಲು. ಪ್ರಸಾದ ಮ್ಯಾಲ ಖೋಲಿಗಿ ಬಂದು, ನಿಂಬಿಹಣ್ಣು ಬಾಜೂಕ ಇಟ್ಟು, ಬಟನ್ ಒತ್ತಿದ. ಒತ್ತೂ ಮೊದಲ ಅಪ್ಪ ಏನೇನಂತ ಹೊಗಳತಾನ ಅನ್ನೂದೆಲ್ಲಾ ಅವನ ಕಿವ್ಯಾಗ ಬಂದು ಹೋಗಿತ್ತು.

ಕಪ್ಪು ಪಡದೇದ ಮ್ಯಾಲ ಬಿಳಿ ಅಕ್ಷರದಾಗ ಒಂದ ಸಾಲು ಬಂತು. ವಿಂಡೋಸ್ ಚಾಲೂ ಮಾಡಾಕ ಮೆಮರಿ ಸಾಲದು.

ಪ್ರಸಾದ ಓದಿದ. ಮತ್ತ ಓದಿದ. ಇದರಪ್ಪನ, ಇಷ್ಟು ಸುರದ್ರೂ ಸಾಲದಾ? ಮೊದಲ ಚಿತ್ರಕ್ಕ ಅಷ್ಟ ಸಾಲತಿರಲಿಲ್ಲ, ಈಗ ಎಚ್ಚರಾಗಾಕೂ ಸಾಲವಲ್ದು. ಡಬ್ಬಿ ಬಿಚ್ಚಿದ, ಕಿಸೇದಾಗಿನ ಮೂರನೇ ಪಟ್ಟಿನೂ ಕೂಡಿಸಿದ, ಮತ್ತ ಒತ್ತಿದ. ಅದ ಸಾಲು. ಕೆಳಗಿಂದ ಗುರುಲಿಂಗಮ್ಮ ನಗೂ ಸಪ್ಪಳ ಕೇಳಿತು. ಇನ್ನೊಂದ ಪಟ್ಟಿ ಇದ್ದಿದ್ರ ಅದನ್ನೂ ಕೂಡಸತಿದ್ದ, ಕೂಡಸಾಕ ಜಾಗಾ ಇರಲಿಲ್ಲ. ಹಳೇ ಪಟ್ಟಿ ನಿನ್ನೆನ ಆ ಸಾಮಾನು ಮಾರಾಂವನ ಡಬ್ಬ್ಯಾಗ ಹೋಗಿ ಬಿದ್ದಿತ್ತು. ಈಗ ತನ್ನ ಮರನೂ ಇಲ್ಲ, ಯೋಗಿರಾಜನ ಮರನೂ ಇಲ್ಲ, ಅಂಗಡಿಗಿ ಅನ್ನ ಹಾಕೂ ಮಶೀನ ಸತ್ತು ಕುಂತದ.

ಕೆಳಗ ಹೋಗಿ ಹೇಳಿದ್ರ ಅಪ್ಪ ಮಾಡೂ ಮೊದಲನೇ ಕೆಲಸ ಯೋಗಿಗಿ ಫೋನ ಹಚ್ಚೂದು. ಅಪ್ಪ ಯೋಗಿ ಯೋಗಿ ಅಂತ ಎಲ್ಲಾರ ಮುಂದ ಒದರೂದು ಕೇಳೂದಕ್ಕಿಂತ ತಾನ ಹಚ್ಚೂದು ಕಡಿಮಿ ಅವಮಾನ ಅಂತ ಲೆಕ್ಕ ಹಾಕಿ ಪ್ರಸಾದ ಹಲ್ಲು ಕಚ್ಚಿ ಫೋನ ಹಚ್ಚಿದ. ಪಡದೇದ ಮ್ಯಾಲ ಏನು ಬಂದದ ಅಂತ ಹೇಳಿದ. ಆ ಕಡಿಂದ ಮಾತಿಲ್ಲ. ಫೋನ ಕಟ್ ಆತೇನು ಅಂತ ಎರಡು ಸಲ ಹಲೋ ಅಂದ. ಯೋಗಿರಾಜ ಇದ್ದ, ಮಾತಾಡವಲ್ಲ. ಭಾಳ ಹೊತ್ತಿನ ಮ್ಯಾಲ ಎಷ್ಟು ಹಾಕೀರಿ ಅಂತ ಕೇಳಿದ. ಪ್ರಸಾದ ಮೂರು ಅಂದ. ಮತ್ತ ಮಾತಿಲ್ಲ.

"ಎರಡು ತಗೀರಿ," ಅಂದ ಯೋಗಿರಾಜ ಕಡೀಕ. "ಒಂದ ಬಿಡ್ರಿ."

"ಸಾಲದು ಅಂತ ಬರದದ. ನೀ ತಗೀರಿ ಅಂತಿ?"

"ಹೆಚ್ಚಾಗಿದ್ದಕ್ಕ ಹಂಗ ಅಂತದರಿ ಅದು. ಎಷ್ಟು ಮೆಮರಿ ಕೊಡತೀರೋ ಅದರ ಉಸಾಬರಿ ಇಡಾಕ ಅಷ್ಟಷ್ಟು ಜಾಗಾ ಮೊದಲ ಹಿಡದು ಇಟ್ಟುಕೋತದ. ಅತಿ ಕೊಟ್ಟ್ರ ಹಿಡದು ಹಿಡದು ತನಗ ಕೂಡಾಕ ಜಾಗಾ ಉಳಸಂಗಿಲ್ಲ. ಹಳೇ ಮಂದಿ ಬರದದ್ದು, ಇಷ್ಟೊಂದು ಯಾರರ ಕೊಟ್ಟಾರು ಅಂತ ಅವರಿಗಿ ಹೊಳದಿರಲಿಲ್ಲ. ಒಂದ ಪಟ್ಟಿ ಅದಕ್ಕ ತಡಕೊತದ. ನಿಮ್ಮ ಮರಕ್ಕೂ ಸಾಕಾಗಬೇಕು."

ಫೋನ ಇಡೂ ಮೊದಲ ಅಂವ ಇನ್ನೊಂದ ಮಾತು ಹೇಳಿದ. ದೊಡ್ಡ ಸಾವಕಾರ್ರಿಗಿ ನೀವ ಮಾಡಿದ್ರಿ ಅಂತ ಹೇಳ್ರಿ, ನನ್ನ ಹೆಸರ ತಗೀಬ್ಯಾಡ್ರಿ ಅಂದ.

ಪ್ರಸಾದ ಎರಡು ಪಟ್ಟಿ ಕಿತ್ತಿದ, ಒತ್ತಿದ. ಕಂಪ್ಯೂಟರು ನಿದ್ದಿಯಿಂದ ಎದ್ದಂಗ ಎದ್ದು ಕುಂತಿತು. ಪ್ರಸಾದ ತನ್ನ ಮರ ತಗದ. ಬುಡದಿಂದ ತುದಿತನಕ, ಎಡಗಡಿಂದ ಬಲಗಡಿ, ಎಲ್ಲೂ ತುಂಡಾಗದಂಗ ಇಡೀ ಮರ ಪಡದೇದ ಮ್ಯಾಲ ಬಂತು. ಹುಕುಂ ಕೊಟ್ಟ, ಮಶೀನು ಚೆಂಡು ಹೂವಿನ ಮಾಲಿ ಅಳ್ಳಾಡಿಸಿಕೋತ ಟಕಾಟಕ ತೂತು ಹೊಡಿಯಾಕ ಹತ್ತಿತು.

ಸಪ್ಪಳ ಕೇಳಿ ನಾಗಣ್ಣ, ಗುರುಲಿಂಗಮ್ಮ, ಲೀಲಾಬಾಯಿ ಎಲ್ಲಾ ಮ್ಯಾಲ ಬಂದ್ರು. ಗುರುಲಿಂಗಮ್ಮ ಚಸ್ಮಾ ಏರಿಸಿ ಒಂದು ಟೊಂಗಿ, ಇನ್ನೊಂದು ಟೊಂಗಿ ಹೋಲಿಸಿ ನೋಡಿದ್ಲು. ಯಾವ ತಪ್ಪೂ ಹೇಳಲಿಲ್ಲ. ಆಕಿ ತಪ್ಪು ಹೇಳಲಿಲ್ಲ ಅಂದ್ರ ಶಾಲು ಹೊಚ್ಚಿಸಿದಂಗ. ನಾಗಣ್ಣ ಹಣಿಗಿ ಕೈ ಹಚ್ಚಿ, ಪಡದೇ ನೋಡಿ, ಕಾರ್ಡು ನೋಡಿ, ಮಗನ ಬೆನ್ನ ಮ್ಯಾಲ ಕೈ ಇಟ್ಟ.

"ಭಲೇ ಮಗನ," ಅಂದ. "ಯೋಗಿ ಕೈಲೇನೂ ಇದು ಆಗಿದ್ದಿಲ್ಲ."

ಇದ ಮಾತಿಗಿ ಪ್ರಸಾದ ಎಷ್ಟು ವರ್ಷ ಬಾಯಿ ತಕ್ಕೊಂಡು ಕುಂತಿದ್ದ! ಬಂತು, ಅದರಾಗೂ ಯೋಗಿ, ಅನ್ನದಾಗಿನ ಹಳ್ಳಿನಂಗ. ಅಷ್ಟ ಆಗಿದ್ರ ನುಂಗತಿದ್ದ. ಆದ್ರ ಈ ಮಾತು ಕೊಡಿಸಿದಾಂವ ಯಾರು? ಯೋಗಿರಾಜ. ಅಪ್ಪನ ಬಾಯಿಂದ ಒಂದ ಚಲೋ ಮಾತು ಬರಬೇಕಂದ್ರ ಅದನ್ನೂ ಯೋಗಿರಾಜ ಮೈಂದರ್ಗ್ಯಾಗ ಕುಂತು ದಾನಾ ಮಾಡಬೇಕು. ನಾಳೆ ಅಂವ ಬಿಳಿ ಅಂಗಿ ಹಾಕ್ಕೊಂಡು ಬರತಾನ, ಏನೂ ಆಗದಾಂವನಂಗ ಬಾಚಣಿಕಿ ತಗದು ಕೂದಲಾ ಹಿಕ್ಕೋತಾನ, ಯಾರ ಮುಂದೂ ತುಟಿ ಪಿಟಕ್ಕನ್ನಂಗಿಲ್ಲ. ಅಂವ ಸುಮ್ಮಿರೂದನ್ನ ತಾ ಸಾಯೂತನಕ ನೋಡಬೇಕು. ಪ್ರಸಾದನ ಹೊಟ್ಟ್ಯಾಗಿನ ಬೆಂಕಿ ಗಂಟಲಿಗಿ ಬಂತು. ಮುಂದ ಬಾಯಿಂದ ಬಿದ್ದದ್ದು ಪ್ರಾಮಾಣಿಕತನ ಅಲ್ಲರಿ, ಅಪ್ಪಟ ಹೊಟ್ಟಿಕಿಚ್ಚು.

"ಇದನ್ನ ಅಂವನ ಹೇಳಿಕೊಟ್ಟಾನ," ಅಂದುಬಿಟ್ಟ. "ನಾ ಕಂಪ್ಯೂಟರ ಕೆಡಿಸಿದ್ದೆ. ಯೋಗಿರಾಜ 'ಎರಡು ಪಟ್ಟಿ ತಗಿ' ಅಂತ ಫೋನಿನ್ಯಾಗ ಹೇಳಿ ಸರಿ ಮಾಡಿಸಿದ. ತನ್ನ ಹೆಸರ ಹೇಳಬ್ಯಾಡ ಅಂದಿದ್ದ."

ಬೈಗಳಕ್ಕ ತಯಾರಾಗಿ ನಿಂತಿದ್ದ. ನಾಗಣ್ಣ ಬೈಯಲಿಲ್ಲ. ಬೆನ್ನ ಮ್ಯಾಲಿನ ಕೈ ಮೆಲ್ಲಕ ತಗದ. ಹೆಸರ ಹೇಳಬ್ಯಾಡ ಅಂದನಾ ಅಂತ ಕೇಳಿದ. ಪ್ರಸಾದ ಹೂಂ ಅಂದ. ನಾಗಣ್ಣನ ಕಣ್ಣಾಗ ನೀರು ಬಂದ್ವು. ಗುರುಲಿಂಗಮ್ಮನ ಕಡಿ ತಿರುಗಿ, ನೋಡ್ರಿ ಅವ್ವಾರ, ಇಂಥಾ ಮನಷ್ಯಾ ಸಿಗತಾನ ಈ ಕಾಲದಾಗ, ಮಾಡಿದ್ದನ್ನೂ ಇನ್ನೊಬ್ಬರ ಉಡ್ಯಾಗ ಹಾಕತಾನ ಅಂದ. ಗುರುಲಿಂಗಮ್ಮನೂ ಹೌದಂತ ತಲಿ ಹಾಕಿದ್ಲು. ಆಮ್ಯಾಲ ನಾಗಣ್ಣ ಹುಕುಂ ಮಾಡಿದ. ಮರ ಪ್ರಸಾದಂದು ಇರಲಿ, ಮೂಲ್ಯಾಗ ಯೋಗಿ ಗುಬ್ಬಿ ಕೂಡಲಿ.

ಬಾಯಿ ಮುಚ್ಚಿಕೊಂಡು ಇದ್ದಿದ್ರ ಗಾಳಿಪಟ ಕೂಡತಿತ್ತು. ಈಗ ತನ್ನ ಮರದ ಬುಡದಾಗ ತನ್ನ ಕೈಯಿಂದನ ಗುಬ್ಬಿ ತಗೀಬೇಕು. ಪ್ರಸಾದ ಅವತ್ತ ಮಧ್ಯಾಹ್ನ ಕುಂತು ತಗದ. ಹಳೇ ಚಾದರ ತಂದು ನೋಡೂ ಪ್ರಸಂಗನೂ ಬರಲಿಲ್ಲ. ಕೊಕ್ಕು, ಬಾಲ, ಎತ್ತಿದ ಒಂದು ಕಾಲು, ಎಲ್ಲಾ ಬಾಯಿಪಾಠ ಇತ್ತು. ಅಷ್ಟು ವರ್ಷ ಅದನ್ನ ನೋಡಿ ನೋಡಿ ಉರಕೊಂಡಿದ್ದ. ಲೀಲಾಬಾಯಿ ಊಟಕ್ಕ ಕರದ್ಲು, ಹೋದ, ಹೋಳಿಗಿ ತಿಂದ, ರುಚಿ ಏನೂ ಹತ್ತಲಿಲ್ಲ.

ಹಬ್ಬ ಮುಗಿಸಿ ಬಂದ ಯೋಗಿರಾಜಗ ಈ ಸುದ್ದಿ ಯಾರೂ ಹೇಳಲಿಲ್ಲ. ಅಕ್ಕಲಕೋಟದಾಗ ಚಾದರ ಏರಿಸಿದ ಮ್ಯಾಲ ಅಂವನ ನೋಡಲಿ ಅಂತ ನಾಗಣ್ಣ ಆ ಚಾದರದ ಕಾರ್ಡು, ಲೂಮಿನ ಕೆಲಸ ಎಲ್ಲಾ ಪ್ರಸಾದನ ಮ್ಯಾಲ ಹಾಕಿ, ಎಲ್ಲಾರ ಬಾಯಿ ಕಟ್ಟಿದ್ದ. ತಾ ಕಲ್ಪನಾ ಮಾಡಿಕೊಂಡು ತಾನ ಖುಷಿ ಪಡತಿದ್ದ. ಪ್ರಸಾದ ಯೋಗಿರಾಜನ ಕೂಡ ಬೇಕಾದಷ್ಟ ಮಾತಾಡಿ ಸುಮ್ಮನಾಗತಿದ್ದ. ಯೋಗಿರಾಜನೂ ಅದ್ಯಾಕೋ ಮಾರಿ ತಪ್ಪಿಸತಿದ್ದ. ಸೊಕ್ಕು ಹೆಚ್ಚಾಗೇದ ಅಂತ ಪ್ರಸಾದ ತಿಳಕೊಂಡ.

ದೀಪಾವಳಿ ಆದ ಮ್ಯಾಲ, ತುಳಸಿ ಲಗ್ನ ಮುಗದು ಲಗ್ನದ ಹಂಗಾಮು ಸುರು ಆಗೂ ಮೊದಲ, ಚಾದರ ಅಕ್ಕಲಕೋಟಕ್ಕ ಹೋತು. ನಾಗಣ್ಣ, ಪ್ರಸಾದ ಟೆಂಪೋದಾಗ ಹೋದ್ರು, ಯೋಗಿರಾಜ ಮೈಂದರ್ಗಿಯಿಂದ ಸೀದಾ ಬಂದ. ಕಾರ್ಯಾಲಯದ ಗ್ವಾಡಿಗಿ ನಿಚ್ಚಣಿಕಿ ಹಚ್ಚಿ, ಆಳಮಕ್ಕಳು ಮ್ಯಾಲಿಂದ ಚಾದರ ಬಿಟ್ಟ್ರು. ಆಲದ ಮರ ಹಂದರದಷ್ಟು ಆಗಿ ಇಳೀತು. ಅಡಗಿ ಮನ್ಯಾಗಿನ ಹೆಂಗಸರು ಸೆರಗಿಗಿ ಕೈ ಒರಸಿಕೋತ ಹೊರಗ ಬಂದು ನಿಂತ್ರು. ಗುರುಲಿಂಗಮ್ಮ ಬಂದವರಿಗೆಲ್ಲಾ, ಎರಡು ಟೊಂಗಿ ಒಂದ ನಮೂನಿ ತೋರಸ್ರಿ ನೋಡೂಣು ಅಂತ ಪೈಜ ಕಟ್ಟಾಕ ಹತ್ತಿದ್ಲು.

ಯೋಗಿರಾಜ ಮರ ನೋಡಲಿಲ್ಲ. ಕಸಬಿನ ಮನಷ್ಯಾ, ಸೀದಾ ಮೂಲಿಗಿ ಹೋದ, ಬಗ್ಗಿದ, ಬಗ್ಗಿದಾಂವ ಹಂಗ ನಿಂತ. ಎದ್ದಾಗ ಮಾರಿ ಕಪ್ಪಿಟ್ಟಿತ್ತು. ಪ್ರಸಾದನ ಕೈ ಹಿಡದು ಕುರ್ಚಿ ಒಟ್ಟಿದ ಕಡಿ ಕರಕೊಂಡು ಹೋದ.

"ಮರ ನಿಮ್ಮದು," ಅಂದ. "ಗುಬ್ಬಿ ಯಾಕ ಹಾಕಿದ್ರಿ?"

ಪ್ರಸಾದ ಎಲ್ಲಾ ಹೇಳಿದ. ತಾ ಬಾಯಿ ಬಿಟ್ಟದ್ದು, ಅಪ್ಪ ಕಣ್ಣೀರು ತಗದದ್ದು, ಇಂಥಾ ಮನಷ್ಯಾ ಸಿಗಂಗಿಲ್ಲ ಅಂದದ್ದು. ಹೇಳೂವಾಗ ದನಿಯಾಗಿನ ಕಹಿ ಮುಚ್ಚಾಕ ಹೋಗಲಿಲ್ಲ. ಯೋಗಿರಾಜ ತಲಿ ಕೆಳಗ ಹಾಕಿ ಕೇಳಿಸಿಕೊಂಡ.

"ನನ್ನ ಬಗ್ಗೆ ಹಂಗ ಅನ್ನಬಾರದಿತ್ತು ಅವರು," ಅಂದ. "ಫೋನಿನ್ಯಾಗ ನಾ ಸುಮ್ಮಿದ್ದೆನಲ್ಲ? ಆವಾಗ ನಿಮಗ ಹೇಳೂದು ಬ್ಯಾಡ ಅಂತ ಮನಸಿನ್ಯಾಗ ಇತ್ತು. ಕೆಟ್ಟರ ಕೆಡಲಿ, ನಿಮಗ ಒಂದ ಸಲ ಪೆಟ್ಟು ಬೀಳಲಿ ಅಂತ ಇತ್ತು. ಬಾಯಿತನಕ ಬಂದಿತ್ತು, ನನಗ ಗೊತ್ತಿಲ್ಲ ಅನ್ನೂ ಮಾತು. ಹಂಗ ಅಂದುಕೊಂಡೆನಲ್ಲ ಅಂತ ನಾಚಿಕಿ ಆಗಿ ಹೆಸರ ಬ್ಯಾಡ ಅಂದೆ."

ಪ್ರಸಾದಗ ಮೊದಲ ತಿಳೀಲಿಲ್ಲ. ತಿಳದ ಮ್ಯಾಲ ಅವನ ಹೊಟ್ಟ್ಯಾಗ ಯಾರೋ ಕೊಡಗಟ್ಲೆ ತಣ್ಣೀರು ಸುರದಂಗ ಆತು. ಯೋಗಿರಾಜಗ! ತನ್ನ ಮ್ಯಾಲ! ಹೊಟ್ಟಿಕಿಚ್ಚು! ಇಷ್ಟು ವರ್ಷದಾಗ ಇದಕ್ಕಿಂತ ಸಿಹಿ ಸುದ್ದಿ ಅವನ ಕಿವಿಗಿ ಬಿದ್ದಿದ್ದಿಲ್ಲ. ನಗು ಬರಾಕ ಹತ್ತಿತು, ತುಟಿ ಕಚ್ಚಿಕೊಂಡ. ಮರದ ಮ್ಯಾಲ ಇರಬೇಕು, ಎಲಿ ತಗದ ಕೈ ಮ್ಯಾಲ ಇರಬೇಕು. ಯಾವದರ ಮ್ಯಾಲ ಅನ್ನೂದು ಅಂವನ ಬಾಯಿಂದನ ಕೇಳಬೇಕು ಅನ್ನಿಸಿತು.

"ನನ್ನ ಮ್ಯಾಲ ನಿನಗೇನಪಾ ಉರಿಯೂವಂಥಾದ್ದು? ಮರ ಚಲೋ ಬಂದದ ಅಂತನಾ?"

ಯೋಗಿರಾಜ ತಲಿ ಅಳ್ಳಾಡಿಸಿದ.

"ಮರದ್ದಲ್ಲರಿ. ನೀವು ಮಶೀನ ಕೆಡಿಸಿದ್ರಿ. ಹೌದಲ್ಲ? ಕೆಡಿಸಿ, ಮಧ್ಯಾಹ್ನ ಮನಿಯಾಗ ಹೋಳಿಗಿ ಊಟಕ್ಕ ಕುಂತ್ರಿ. ಅದ ನಾ ಕೆಡಿಸಿದ್ರ? ಮೊದಲ ಒಬ್ಬ ಇದ್ದ, ಪೀರಪ್ಪ ಅಂತ, ಇಲ್ಲಿ ಬರೂ ಮೊದಲ ಬ್ಯಾರೆ ಅಂಗಡ್ಯಾಗ ನನಗ ಈ ಕೆಲಸ ಕಲಿಸಿದಾಂವ. ನೀವು ಹಾಕಿದಂಗನ ಹೆಚ್ಚಿನ ಪಟ್ಟಿ ಹಾಕಿದ, ಮಶೀನು ಎದ್ದೇಳಲಿಲ್ಲ. ಅಲ್ಲಿನ ಮಾಲಕ ಕೆಲಸದಿಂದ ತಗದ, ಬುತ್ತಿ ಡಬ್ಬಿ ತಗೊಂಡು ಹೋಗಾಕೂ ಒಳಗ ಬಿಡಲಿಲ್ಲ ಅವನ್ನ. ಎರಡು ತಗದ್ರ ಏಳತದ ಅಂತ ಆಮ್ಯಾಲ ತಿಳೀತು, ಅಷ್ಟೊತ್ತಿಗಿ ಅಂವ ಊರ ಬಿಟ್ಟಿದ್ದ. ಅವತ್ತಿಂದ ನಾ ಯಾವ ಕಂಪ್ಯೂಟರಿನ ಡಬ್ಬಿನೂ ಬಿಚ್ಚಿಲ್ಲ. ನಾಕ ತುಂಡು ಮಾಡಿ ಮಾಡಿ ನಡಿಸೀನಿ. ಸಾವಕಾರ್ರು ಅದಕ್ಕ ಹುಷಾರಿ ಅಂತಾರ. ಹುಷಾರಿ ಅಲ್ಲ, ಅಂಜಿಕಿ. ನಿಮ್ಮಂಗ ಒಂದ ಸಲ ಅಂಜದಂಗ ಕೆಡಿಸಿ ನೋಡಬೇಕು ಅಂತ ಭಾಳ ಆಸೆ ನನಗ."

ಪ್ರಸಾದನ ನಗು ಎಲ್ಲಿತ್ತೋ ಅಲ್ಲೇ ನಿಂತಿತು. ಯೋಗಿರಾಜನ ಬಿಳಿ ಅಂಗಿ ನೋಡಿದ, ಅದರ ಗಂಜಿ ಹಾಕಿದ ಕಾಲರ ನೋಡಿದ. ತಾಟಿನ ಸುತ್ತ ಒಂದ ಅಗಳನೂ ಬೀಳದಂಗ ಉಣ್ಣೂದೂ ಅಂಜಿಕಿನ ಇರಬೇಕಾ ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ.

ಆ ಕಡಿ ಗ್ವಾಡಿ ಹತ್ತಿರ ಸಾಮಾನು ಎತ್ತೂ ಗದ್ದಲ ನಡದಿತ್ತು. ನಾಗಣ್ಣ ತಿರುಗಿ ನೋಡಿದ, ಇಬ್ಬರೂ ಕುರ್ಚಿ ಮರಿಯಾಗ ನಿಂತದ್ದು ಕಾಣಿಸಿತು. ಯೋಗಿ, ಬಾರಪಾ, ನೀ ಚಾ ಕುಡಿ, ದಣದಿ ಅಂತ ಮೆತ್ತಗ ಕರದ. ಆಮ್ಯಾಲ ಅದ ಬಾಯಿ ಮಗನ ಕಡಿ ತಿರುಗಿತು.

"ಏ ಹುಚ್ಚಪ್ಯಾಲಿ! ನಿಚ್ಚಣಿಕಿ ಏನು ನಿಮ್ಮಪ್ಪ ತಗೀಬೇಕೇನು? ಗ್ವಾಡಿಗಿ ಬಡದು ಸುಣ್ಣಾ ಕಿತ್ತಿ ಮತ್ತ, ಹಂದರದ ಕಂಬ!"

ಕಾರ್ಯಾಲಯ ತುಂಬ ಕೇಳಿತು. ಹೆಂಗಸರು ನಕ್ಕರು. ಪ್ರಸಾದಗ ಎಂದಿನಂಗ ಕಿವಿ ಕೆಂಪಾದ್ವು. ನಿಚ್ಚಣಿಕಿ ಕಡಿ ಹೆಜ್ಜಿ ಹಾಕೂ ಮೊದಲ ಯೋಗಿರಾಜನ ಮಾರಿ ನೋಡಿದ. ಅಂವ ನಾಗಣ್ಣನ್ನ ನೋಡಾಕ ಹತ್ತಿದ್ದ. ಆ ಬೈಗಳ ಬರೂ ಬಾಯಿ ನೋಡತಿದ್ದ, ಆ ಬೈಗಳ ಯಾರಿಗಿ ಬಂತೋ ಅವನ್ನ ನೋಡತಿದ್ದ. ಅಂಥಾ ಕಣ್ಣು ಪ್ರಸಾದಗ ಹೊಸಾದಲ್ಲ. ಅಪ್ಪ ಯೋಗಿ ಅಂತ ಕರದಾಗೆಲ್ಲಾ ಅಂಗಡಿ ಕನ್ನಡ್ಯಾಗ, ತನ್ನ ಮಾರಿ ಮ್ಯಾಲ, ಅದ ಕಣ್ಣು ದಿನಾ ನೋಡಿದ್ದ.